ದಾಟಿಹೋದ ಕರಟ

ನಮ್ಮ ಅತಿಯು ದ್ವೀಪದಲ್ಲಿ ಬೈಕಿನ ಯೋಗ್ಯತೆ ತಿಳಿಯುವುದು ಬಂದರಿನ ಏರಿನಲ್ಲಿ. ಕಡಲು ಕೆಳಗೆ, ಕೆಸುವಿನ ಗದ್ದೆಗಳು ನಡುವಿನ ತಗ್ಗಿನಲ್ಲಿ, ಊರುಗಳೆಲ್ಲ ಮೇಲಿನ ದಿಬ್ಬದಲ್ಲಿ. ಮೀನಾಗಲಿ, ಕೆಸುವಿನ ಗೆಡ್ಡೆಯಾಗಲಿ, ಹಡಗಿನಿಂದ ಇಳಿದ ಹಿಟ್ಟಿನ ಚೀಲವಾಗಲಿ ಆ ಕೆಂಪು ಮಣ್ಣಿನ ಏರು ಹತ್ತಿಯೇ ಮನೆ ಸೇರಬೇಕು. ಅರ್ಧ ಏರಿನಲ್ಲಿ ಬೈಕು ಕೆಮ್ಮಿ ನಿಂತರೆ ಹಿಂದೆ ಕೂತವರು ಇಳಿದು ತಳ್ಳುತ್ತಾರೆ. ಎದುರಿಗೆ ಬಂದವರು ನಕ್ಕು, "ಯಾಕೆ, ತಾಮುವೆರಾನ ಹತ್ರ ಹೋಗಿಲ್ವಾ?" ಎನ್ನುತ್ತಾರೆ. ನನಗೆ ನೆನಪು ಬಂದಾಗಿನಿಂದ ಅದೇ ಮಾತು.

ತಾಮುವೆರಾ ಹರೆಯದಲ್ಲಿ ನ್ಯೂಜಿಲೆಂಡಿನ ಟೊಕೊರೊವಾಕ್ಕೆ ಹೋಗಿದ್ದ. ಕಾಡು ಕಡಿಯುವವರ ಊರು ಅದು. ನಮ್ಮವರು ಬೇಕಾದಷ್ಟು ಮಂದಿ ಅಲ್ಲಿದ್ದಾರೆ. ಮರ ಕೊಯ್ಯುವ ಯಂತ್ರಗಳ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತ. ತನ್ನ ತಾಯಿಗೆ ಕಾಯಿಲೆಯಾದಾಗ ಹೆಂಡತಿ ತೆಪೋರಿ ಊರಿಗೆ ಹೊರಟಳು, ಅವನೂ ಹೊರಟು ಬಂದ. ಬಂದವನಿಗೆ ಶೆಡ್ಡು ಹಾಕಲು ಜಾಗ ಬೇಕಾಯಿತು. ನಮ್ಮಲ್ಲಿ ನೆಲ ಒಬ್ಬರದಲ್ಲ, ಕುಟುಂಬದ್ದು. ಹೆಂಡತಿಯ ಕಡೆಯ ನೆಲದಲ್ಲಿ ಗಂಡ ಎಷ್ಟು ವರ್ಷ ಬಾಳಿದರೂ ನೆಂಟನೇ. ಆಗ ಮೊದಲು ಹೂಂ ಎಂದವನು ತೆಪೋರಿಯ ತಮ್ಮ ಪಾಯೆರೆ.

"ಭಾವಾ, ಎಲ್ಲಿ ಬೇಕೋ ಅಲ್ಲಿ ಕಂಬ ನೆಡು. ತಗಡು ನಾನು ಕೊಡ್ತೀನಿ. ಅಕ್ಕ ಒಬ್ಳೇ ಸೂಟ್‌ಕೇಸ್ ಹಿಡ್ಕೊಂಡು ಬರ್ತಾಳೆ ಅಂದ್ಕೊಂಡಿದ್ದೆ, ನಿನ್ನೂ ತಂದ್ಲಲ್ಲ, ಅಷ್ಟು ಸಾಕು" ಎಂದಿದ್ದ. ತಾಮುವೆರಾ ಆ ಮಾತನ್ನು ಎಷ್ಟೋ ಸಲ ಹೇಳಿಕೊಂಡು ನಗುತ್ತಿದ್ದ. ಶೆಡ್ಡಿನ ತಗಡನ್ನು ನೋಡಿದಾಗಲೆಲ್ಲ ಅವನಿಗೆ ಪಾಯೆರೆಯ ನೆನಪು.

ಶೆಡ್ಡಿನಲ್ಲಿ ಬೈಕುಗಳಷ್ಟೇ ಅಲ್ಲ, ಹುಲ್ಲು ಕತ್ತರಿಸುವ ಯಂತ್ರ, ದೋಣಿಯ ಎಂಜಿನ್ನು, ನೀರೆತ್ತುವ ಪಂಪು ಎಲ್ಲ ಇರುತ್ತಿದ್ದವು. ಉಪ್ಪು ಗಾಳಿ, ಕೆಂಪು ಧೂಳು, ಡ್ರಮ್ಮಿನಲ್ಲಿ ಹಳಸಿದ ಪೆಟ್ರೋಲು, ಮೂರೂ ಸೇರಿ ಕೊನೆಗೆ ಹೋಗಿ ಕೂರುವುದು ಕಾರ್ಬೊರೇಟರಿನಲ್ಲಿ. ತಾಮುವೆರಾ ಅದನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಬಾಳೆಲೆಯ ಮೇಲೆ ಇಡುತ್ತಿದ್ದ. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟಿನ ತೂತಿಗೆ ತಂತಿ ಹಾಕುತ್ತಿರಲಿಲ್ಲ. ತಂತಿ ತೂತನ್ನು ಅಗಲ ಮಾಡುತ್ತದೆ, ಆಮೇಲೆ ಎಂಜಿನ್ನಿಗೆ ಹೊಟ್ಟೆಬಾಕತನ ಬರುತ್ತದೆ ಎನ್ನುತ್ತಿದ್ದ. ಮೀನು ಹಿಡಿಯುವ ಸಣ್ಣ ನೈಲಾನ್ ದಾರದ ತುಂಡನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಸೂಜಿಗೆ ನೂಲು ಪೋಣಿಸಿದಂತೆ ಪೋಣಿಸುತ್ತಿದ್ದ. ತೂತನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಜೋಡಿಸಿದ ಮೇಲೆ ಗಾಳಿಯ ತಿರುಪನ್ನು ಮೆತ್ತಗೆ ಕೊನೆಯವರೆಗೆ ತಿರುಗಿಸಿ, ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು, ಅಲ್ಲಿಂದ ಮುಂದೆ ಕಿವಿಯಿಂದ ಕೆಲಸ. ಎಂಜಿನ್ನಿನ ಸದ್ದು ಏರಿ ಏರಿ ಒಂದು ಕಡೆ ಸಮನಾಗಿ ಕೂತಾಗ ಕೈ ತೆಗೆಯುತ್ತಿದ್ದ. "ಈಗ ಉಸಿರಾಡ್ತಿದೆ. ಹೋಗು, ಏರು ಹತ್ತಿಸು."

ಅವನದೊಂದು ಪದ್ಧತಿಯಿತ್ತು. ಕಾರ್ಬೊರೇಟರಿನ ತಳದ ಬಟ್ಟಲನ್ನು ಬಿಚ್ಚಿದಾಗ ಅದರಲ್ಲಿದ್ದುದನ್ನು ಗಾಜಿನ ಬಾಟಲಿಗೆ ಸುರಿದು ಬೈಕಿನ ಯಜಮಾನರ ಕಣ್ಣೆದುರು ಹಲಗೆಯ ಮೇಲೆ ಇಡುತ್ತಿದ್ದ. ಕೆಂಪು ಕೆಸರಿದ್ದರೆ ಟ್ಯಾಂಕಿನ ತುಕ್ಕು. ಅಂಟು ಅಂಟಾಗಿದ್ದರೆ ಬೈಕು ಬಹಳ ದಿನ ನಿಂತಿತ್ತು. ತಳದಲ್ಲಿ ಮುತ್ತಿನಂತೆ ಉರುಳುವ ಹನಿಗಳಿದ್ದರೆ ನೀರು. "ನಾನು ಹೇಳೋದಲ್ಲ, ಬಾಟ್ಲಿ ಹೇಳುತ್ತೆ" ಎನ್ನುತ್ತಿದ್ದ. ಅದಕ್ಕೇ ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಪಾಯೆರೆಗೆ ಅಂಗಡಿಯಿತ್ತು. ಪೆಟ್ರೋಲ್ ಡ್ರಮ್ಮುಗಳನ್ನು ಹಡಗಿನಿಂದ ಇಳಿಸಿಕೊಂಡು ಮಾರುತ್ತಿದ್ದವನು ಅವನೇ. ನಮ್ಮ ಬದಿಯ ತುಮುನುವಿನ, ಅಂದರೆ ಹೆಂಡ ಕುಡಿಯುವ ಕೂಟದ, ಯಜಮಾನನೂ ಅವನೇ. ಹುಲ್ಲಿನ ಮಾಡಿನ ಕೆಳಗೆ ದಿಮ್ಮಿಗಳ ಮೇಲೆ ಸುತ್ತ ಕೂರುತ್ತೇವೆ. ಕೊರೆದ ತೆಂಗಿನ ಬೊಡ್ಡೆಯಲ್ಲಿ ಕಿತ್ತಳೆಯ ಹೆಂಡವನ್ನಿಟ್ಟುಕೊಂಡು ನಡುವೆ ಕೂರುವವನು ಪಾಯೆರೆ. ಕರಟ ಒಂದೇ. ಅವನು ತುಂಬಿ ಕೊಟ್ಟಾಗ ಒಬ್ಬೊಬ್ಬರೇ ಒಂದೇ ಉಸಿರಿಗೆ ಕುಡಿದು ಹಿಂದಕ್ಕೆ ಕೊಡಬೇಕು. ಮಧ್ಯೆ ಅವನು ಕರಟದಿಂದ ಬೊಡ್ಡೆಯನ್ನು ತಟ್ಟಿದರೆ ಎಲ್ಲರೂ ಸುಮ್ಮನಾಗಿ ಪ್ರಾರ್ಥನೆ. ಯಾರಿಗಾದರೂ ಹೆಚ್ಚಾಯಿತು ಅನ್ನಿಸಿದರೆ ಅವನು ಆ ಮನುಷ್ಯನನ್ನು ದಾಟಿಸಿ ಮುಂದಿನವರಿಗೆ ಕರಟ ಕೊಡುತ್ತಾನೆ. ಯಾಕೆಂದು ಅವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಕುಡಿದವನ ಮಾನ ಉಳಿಸುವ ರೀತಿ ಅದು.

ಆ ಸಲ ಪಾಯೆರೆಯ ಮೊಮ್ಮಗನ ಕೂದಲು ಕತ್ತರಿಸುವ ಹಬ್ಬವಿತ್ತು. ಹುಟ್ಟಿದಾಗಿನಿಂದ ಕತ್ತರಿ ಮುಟ್ಟಿಸದ ಕೂದಲನ್ನು ಜಡೆ ಜಡೆಯಾಗಿ ಕಟ್ಟಿ, ನೆಂಟರೆಲ್ಲ ಹೆಸರು ಕರೆದಾಗ ಹೋಗಿ ಒಂದೊಂದು ಜಡೆ ಕತ್ತರಿಸಿ ಉಡುಗೊರೆ ಕೊಡುವ ಹಬ್ಬ. ಆಕ್ಲೆಂಡಿನಿಂದ ಬಳಗವೆಲ್ಲ ಬರುವುದಿತ್ತು. ಚಾಪೆ, ಕಸೂತಿಯ ಹೊದಿಕೆ, ಪೆಟ್ಟಿಗೆ ಪೆಟ್ಟಿಗೆ ಸಾಮಾನು ಹಡಗಿನಲ್ಲಿ ಬಂದು ಬಿದ್ದವು. ಅವನ್ನಿಡಲು ಪಾಯೆರೆ ತನ್ನ ಗೋದಾಮು ಖಾಲಿ ಮಾಡಿ ಪೆಟ್ರೋಲ್ ಡ್ರಮ್ಮುಗಳನ್ನು ಹೊರಗೆ ನಿಲ್ಲಿಸಿದ.

ಮಲಗಿಸಿದ್ದರೆ ಏನೂ ಆಗುತ್ತಿರಲಿಲ್ಲ. ಜಾಗ ಸಾಲದೆಂದು ನೆಟ್ಟಗೆ ನಿಲ್ಲಿಸಿದ. ಮಳೆ ಬಂದಾಗ ಡ್ರಮ್ಮಿನ ತಲೆಯ ಅಂಚಿನೊಳಗೆ ನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲು ಬಿಸಿಲಿಗೆ ಉಬ್ಬಿದ ಡ್ರಮ್ಮು ತಂಪಾದಾಗ ಉಸಿರೆಳೆಯುತ್ತದೆ, ಬಿರಡೆ ಎಷ್ಟು ಬಿಗಿಯಾಗಿದ್ದರೂ ಅದರ ಸುತ್ತಲಿನ ಸಂದಿನಿಂದ ಆ ನೀರನ್ನು ಒಳಗೆ ಸೆಳೆದುಕೊಳ್ಳುತ್ತದೆ. ಅಂಗಡಿಯವನಾದ ಪಾಯೆರೆಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹಬ್ಬದ ಗಡಿಬಿಡಿಯಲ್ಲಿ ನಾಲ್ಕು ದಿನ ತಾನೇ ಎಂದುಕೊಂಡ.

ಬೈಕುಗಳು ಏರಿನಲ್ಲಿ ನಿಲ್ಲತೊಡಗಿದವು. ಮೇಲಿನ ಸಮ ರಸ್ತೆಯಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಮೂತಿ ಎತ್ತಿದೊಡನೆ ಬಟ್ಟಲ ತಳದ ನೀರು ಜೆಟ್ಟಿಗೆ ಸರಿದು ಕೆಮ್ಮುತ್ತಿದ್ದವು. ಮೊದಲ ಬೈಕಿನ ಬಾಟಲಿಯಲ್ಲೇ ತಾಮುವೆರಾ ಮುತ್ತುಗಳನ್ನು ಕಂಡ. ಎರಡನೆಯದರಲ್ಲೂ ಅದೇ. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಾಯೆರೆಯ ಅಂಗಡಿಗೆ ಹೋದ. ಅಲ್ಲಿ ನಡೆದ ಮಾತನ್ನು ತೆಪೋರಿ ಆಮೇಲೆ ನನ್ನ ತಾಯಿಯ ಬಳಿ ಅತ್ತುಕೊಂಡು ಹೇಳಿದಳು. ಆಗ ಅವಳೂ ಅಲ್ಲಿದ್ದಳು.

ಪಾಯೆರೆ ಬಾಟಲಿ ನೋಡಿದ, ಬಾಗಿಲು ಎಳೆದುಕೊಂಡ.

"ಭಾವಾ, ಯಾರಿಗಾದ್ರೂ ತೋರಿಸಿದ್ಯಾ?"

"ಇನ್ನೂ ಇಲ್ಲ."

"ತೋರಿಸ್ಬೇಡ. ಹಬ್ಬದವರೆಗೆ ತಡ್ಕೋ. ಆಕ್ಲೆಂಡಿಂದ ಬಂದವ್ರ ಎದುರಿಗೆ ಊರೆಲ್ಲ ನನ್ನ ಅಂಗಡಿ ಮುಂದೆ ನಿಂತು ಬೈದ್ರೆ ನಾನು ಮುಖ ಎಲ್ಲಿಡ್ಲಿ? ಮುಂದಿನ ಹಡಗಿಗೆ ಹೊಸ ಡ್ರಮ್ ಬರುತ್ತೆ."

"ಅಲ್ಲೀವರೆಗೆ ಜನ ಏನು, ಬೈಕು ಹೆಗಲ ಮೇಲೆ ಹೊತ್ಕೊಂಡು ಏರು ಹತ್ಬೇಕಾ?"

"ನೀನು ಹೇಳ್ದಂಗೆ ಮಾಡ್ತೀನಿ, ಹೇಳು."

ತಾಮುವೆರಾ ಹೇಳಿಕೊಟ್ಟ. ನೀರು ತಳದಲ್ಲಿ ಕೂರುತ್ತದೆ. ಪಂಪಿನ ಕೊಳವೆ ತಳ ಮುಟ್ಟುವಂತಿದೆ, ಅದನ್ನು ಎರಡು ಗೇಣು ಮೇಲೆತ್ತಿ ಕಟ್ಟು, ಮೇಲಿನದನ್ನಷ್ಟೇ ಮಾರು, ಕೆಳಗಿನದನ್ನು ಮುಟ್ಟಬೇಡ. "ಇನ್ನೊಂದು ಮಾತು. ನರ್ಸ್ ಮೆತುವಾಗೆ ಈ ಡ್ರಮ್ಮಿಂದ ಒಂದು ತೊಟ್ಟೂ ಹಾಕ್ಬೇಡ. ನನ್ನ ಹತ್ರ ಹಳೇದು ಒಂದು ಕ್ಯಾನ್ ಇದೆ, ಅವಳ ಬೈಕಿಗೆ ನಾನೇ ಹಾಕ್ತೀನಿ. ನಿನ್ ಹತ್ರ ಬಂದ್ರೆ ಇಲ್ಲ ಅನ್ನು."

"ದೇವರಾಣೆ, ಭಾವಾ."

ತೆಪೋರಿ ನಡುವೆ ಬಾಯಿ ಹಾಕಿ, "ಇವರಿಗೆ ಕೆಟ್ಟ ಹೆಸರು ಬರೋದಿಲ್ವೇನೋ?" ಎಂದು ತಮ್ಮನನ್ನು ಕೇಳಿದಳು.

"ಬಂದ್ರೆ ನಾನೇ ಎದ್ದು ನಿಂತು ಹೇಳ್ತೀನಿ ಅಕ್ಕ. ಭಾವನ ಮೇಲೆ ಬರೋಕೆ ಬಿಡ್ತೀನಾ?"

ತಾಮುವೆರಾ ಮಾತು ಕೊಟ್ಟ. ಹಬ್ಬದವರೆಗೆ ಎಂದು ಸ್ಪಷ್ಟವಾಗಿ ಹೇಳಿಯೇ ಕೊಟ್ಟ.

ಮಾತು ಉಳಿಸಿಕೊಳ್ಳಲು ಅವನು ತನ್ನ ಪದ್ಧತಿಯನ್ನು ಬಿಡಬೇಕಾಯಿತು. ಬಟ್ಟಲಲ್ಲಿದ್ದುದನ್ನು ಬಾಟಲಿಗೆ ಸುರಿಯುವ ಬದಲು ಬೆನ್ನು ತಿರುಗಿಸಿ ಮಣ್ಣಿಗೆ ಚೆಲ್ಲುತ್ತಿದ್ದ. "ಬಾಟ್ಲಿ ಎಲ್ಲಿ ಪಾಪಾ?" ಎಂದು ಕೇಳಿದರೆ, "ಒಡೆದುಹೋಯ್ತು" ಎನ್ನುತ್ತಿದ್ದ. ನಮ್ಮಲ್ಲಿ ಹಿರಿಯರನ್ನೆಲ್ಲ ಪಾಪಾ ಎನ್ನುವುದು. ಹಿರಿಯರು ಸುಳ್ಳು ಹೇಳುವಾಗ ಗೊತ್ತಾಗುತ್ತದೆ. ಬಾಟಲಿ ಹಲಗೆಯ ಕೆಳಗೇ ಇದ್ದುದನ್ನು ನಾನೇ ಕಂಡಿದ್ದೆ. ಕೊಳವೆ ಮೇಲೆತ್ತಿ ಕಟ್ಟಿದರೂ ಸ್ವಲ್ಪ ನೀರು ಬರುತ್ತಲೇ ಇತ್ತು; ಇವತ್ತು ಸರಿಮಾಡಿಕೊಂಡು ಹೋದ ಬೈಕು ಪೆಟ್ರೋಲು ಹಾಕಿಸಿದ ಮೇಲೆ ನಾಳೆ ಮತ್ತೆ ನಿಲ್ಲುತ್ತಿತ್ತು. ಹೊಸ ಮಾತು ಹುಟ್ಟಿತು. ಏರಿನಲ್ಲಿ ತಳ್ಳುವವರಿಗೆ ಎದುರಿಗೆ ಬಂದವರು, "ಏನು, ತಾಮುವೆರಾನ ಹತ್ರ ಹೋಗಿದ್ಯಾ?" ಎಂದು ನಗತೊಡಗಿದರು.

ಅವನೂ ನಕ್ಕುಬಿಡುತ್ತಿದ್ದ. ಹಬ್ಬ ಹತ್ತಿರವೇ ಇತ್ತಲ್ಲ.

ಡ್ರಮ್ಮುಗಳಲ್ಲಿ ಮೇಲಿನ ಪೆಟ್ರೋಲು ಖಾಲಿಯಾಗುತ್ತ ಬಂತು, ಹಡಗು ತಡವಾಯಿತು. ಪಾಯೆರೆ ಕೊಳವೆಯನ್ನು ಒಂದು ಗೇಣು ಇಳಿಸಿದ. ಆಮೇಲೆ ಇನ್ನೊಂದು ಗೇಣು. ಒಂದು ಮಧ್ಯಾಹ್ನ ನರ್ಸ್ ಮೆತುವಾಗೆ ಕೆಳಗಿನಿಂದ ಕರೆ ಬಂತು. ಚರ್ಚಿನ ಹಿರಿಯ ಮಾರಾನ ಹೆಂಡತಿ ಕೆಸುವಿನ ಗದ್ದೆಯ ಬದುವಿನಿಂದ ಜಾರಿ ಬಿದ್ದು ಏಳಲಾರದೆ ಕೆಸರಿನಲ್ಲಿದ್ದಳು. ತಾಮುವೆರಾ ಬೆಳಿಗ್ಗೆಯಷ್ಟೇ ಮೆತುವಾಳ ಬೈಕನ್ನು ನೋಡಿ ತನ್ನ ಕ್ಯಾನಿನಿಂದ ಪೆಟ್ರೋಲು ಹಾಕಿದ್ದ. ಎಷ್ಟು ಓಡಾಟವಾಗುವುದೋ ಎಂದು ಮೆತುವಾ ದಾರಿಯಲ್ಲಿ ಪಾಯೆರೆಯ ಅಂಗಡಿಯಲ್ಲಿ ಟ್ಯಾಂಕು ತುಂಬಿಸಿಕೊಂಡಳು. ಪಾಯೆರೆ ಇಲ್ಲ ಎನ್ನಲಿಲ್ಲ. ಹಬ್ಬದ ನೆಂಟರಿಬ್ಬರು ಅಂಗಡಿಯಲ್ಲಿ ಕೂತಿದ್ದರಂತೆ, ಅವರೆದುರು ನರ್ಸಿಗೆ ಪೆಟ್ರೋಲಿಲ್ಲ ಎಂದರೆ ಏನೆಂದುಕೊಳ್ಳುತ್ತಾರೆ!

ತಗ್ಗಿಗಿಳಿದು ಗದ್ದೆಯ ಕಡೆಯ ಸಣ್ಣ ದಿಣ್ಣೆ ಹತ್ತುವಾಗ ಬೈಕು ನಿಂತಿತು. ಮೆತುವಾ ಒದ್ದಳು, ತಳ್ಳಿದಳು, ಕೊನೆಗೆ ಪೆಟ್ಟಿಗೆ ಹೊತ್ತು ನಡೆದಳು. ಮಾರಾನ ಹೆಂಡತಿಯ ಸೊಂಟದ ಮೂಳೆ ಮುರಿದಿತ್ತು. ಜೀವ ಉಳಿಯಿತು, ಆದರೆ ಅಷ್ಟು ಹೊತ್ತು ಕೆಸರಿನಲ್ಲಿ ನರಳಿದ್ದನ್ನು ಮಾರಾ ಪಕ್ಕದಲ್ಲಿ ಕೂತು ಕೇಳಿದ್ದ. ಮಾರಾ ಯಾರೋ ಅಲ್ಲ. ತಾಮುವೆರಾನ ಜೊತೆ ಟೊಕೊರೊವಾದಲ್ಲಿ ಒಂದೇ ಕೋಣೆಯಲ್ಲಿ ಇದ್ದವನು.

ಹೆಂಡತಿಯನ್ನು ವಿಮಾನದಲ್ಲಿ ದೊಡ್ಡ ದ್ವೀಪ ರಾರೊಟೊಂಗಾದ ಆಸ್ಪತ್ರೆಗೆ ಕಳಿಸಿದ ಸಂಜೆ ಮಾರಾ ತುಮುನುವಿಗೆ ಬಂದ. ನಾನು ಹೊರಗಡೆಯ ದಿಮ್ಮಿಯ ಮೇಲಿದ್ದೆ. ಎಲ್ಲರೂ ಕೂತಾಗಿತ್ತು, ಕರಟ ಇನ್ನೂ ಹೊರಟಿರಲಿಲ್ಲ.

"ನರ್ಸ್ ಬೈಕನ್ನ ಆವತ್ತು ಬೆಳಿಗ್ಗೆ ಮುಟ್ಟಿದ್ದು ಯಾರು?" ಎಂದ ಮಾರಾ.

"ನಾನು" ಎಂದ ತಾಮುವೆರಾ.

"ಅದೇ ಮಧ್ಯಾಹ್ನ ನಿಂತ್ಹೋಯ್ತು. ನನ್ನ ಬೈಕೂ ನೀನು ಮುಟ್ಟಿದ್ಮೇಲೆ ಎರಡು ಸಲ ನಿಂತಿತು. ಬಾಟ್ಲಿ ತೋರಿಸ್ತಿದ್ದವನು ಈಗ ತೋರಿಸಲ್ಲ. ಏನಾಗಿದೆ ನಿಂಗೆ? ನಾನು ಜಗಳಕ್ಕೆ ಬಂದಿಲ್ಲ. ಹೇಳು, ಅಷ್ಟೇ."

ತಾಮುವೆರಾ ನಡುವೆ ಕೂತಿದ್ದ ಪಾಯೆರೆಯ ಕಡೆ ನೋಡಿದ. ಅವನು ಏಳುತ್ತಾನೆ, ನಿಂತು ಹೇಳುತ್ತಾನೆ ಎಂದು ಕಾದ. ನಮಗೆ ಆಗ ಅದು ಅರ್ಥವಾಗಲಿಲ್ಲ. ತಪ್ಪಿತಸ್ಥನೊಬ್ಬ ಮೈದುನನ ಮರೆ ಹುಡುಕುತ್ತಿದ್ದಾನೆ ಎಂದುಕೊಂಡೆವು.

ಪಾಯೆರೆ ಕರಟ ತುಂಬಿ ಮೊದಲು ಮಾರಾನಿಗೆ ಕೊಟ್ಟ. ಮಾರಾ ಕುಡಿದು ಹಿಂದಕ್ಕೆ ಕೊಟ್ಟ. ಪಾಯೆರೆ ಮತ್ತೆ ತುಂಬಿ ಅವನ ಪಕ್ಕದವನಿಗೆ ಕೊಟ್ಟ. ಮುಂದಿನದು ತಾಮುವೆರಾ. ಅವನು ಕೈ ಚಾಚಿದ. ಪಾಯೆರೆ ತುಂಬಿದ ಕರಟವನ್ನು ಆ ಚಾಚಿದ ಕೈಯ ಮುಂದಿನಿಂದ ಮೆಲ್ಲಗೆ ದಾಟಿಸಿ ಆಚೆ ಕೂತವನಿಗೆ ಕೊಟ್ಟ.

ಅದು ಆ ಸಂಜೆಯ ಮೊದಲ ಸುತ್ತು. ತಾಮುವೆರಾ ಇನ್ನೂ ಒಂದು ಹನಿ ಮುಟ್ಟಿರಲಿಲ್ಲ.

ಯಾರೂ ಏನೂ ಕೇಳಲಿಲ್ಲ, ಕೇಳುವ ಕ್ರಮವಿಲ್ಲ. ಮಾರಾ ತಲೆ ತಗ್ಗಿಸಿ, "ಓ... ಹಾಗಾ. ನಂಗೆ ಗೊತ್ತಿರ್ಲಿಲ್ಲ ಕಣಯ್ಯಾ" ಎಂದ. ಅವನ ದನಿಯಲ್ಲಿ ಸಿಟ್ಟು ಹೋಗಿ ಕರುಣೆ ಬಂದಿತ್ತು. ಆ ಕರುಣೆಯನ್ನು ತಾಮುವೆರಾ ತಡೆಯಲಾರದೆ ಹೋದ. ಚಾಚಿದ್ದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಸುತ್ತು ಮುಗಿಯುವವರೆಗೂ ಕೂತಿದ್ದ. ಆಮೇಲೆ ಎದ್ದು ಹೋದ.

ಮರುದಿನ ದ್ವೀಪಕ್ಕೆಲ್ಲ ಗೊತ್ತಾಗಿತ್ತು: ತಾಮುವೆರಾ ಮನೆಯಲ್ಲಿ ಗುಟ್ಟಾಗಿ ಕುಡಿಯುತ್ತಾನೆ, ಕೈ ನಡುಗುತ್ತದೆ, ಪಾಪ, ಸ್ವಂತ ಮೈದುನನೇ ಕರಟ ದಾಟಿಸಬೇಕಾಯಿತು.

ಮನೆಯಲ್ಲಿ ತೆಪೋರಿ, "ಹೋಗಿ ಹೇಳು. ನಾನೇ ಹೇಳ್ತೀನಿ ಬೇಕಾದ್ರೆ" ಎಂದಳಂತೆ.

"ಹಬ್ಬ ಆಗ್ಲಿ. ಮಾತು ಕೊಟ್ಟಿದೀನಿ."

"ಅವನು ಕೊಟ್ಟ ಮಾತು?"

"ಅದು ಅವನದು."

"ಅವನು ನನ್ನ ತಮ್ಮ, ನೀನು ನನ್ನ ಗಂಡ. ನಾನು ಯಾರ ಮನೆ ಒಲೆ ಮುಂದೆ ಕೂತ್ಕೊಳ್ಳಲಿ?"



ಶೆಡ್ಡಿಗೆ ಬೈಕುಗಳು ಬರುವುದು ನಿಂತಿತು. ಅದೇ ವಾರ ಹಡಗು ಬಂತು, ಹೊಸ ಡ್ರಮ್ಮುಗಳು ಬಂದವು. ಪಾಯೆರೆ ಈ ಸಲ ಅವನ್ನು ಮಾಡಿನ ಕೆಳಗೆ ಮಲಗಿಸಿದ. ಬೈಕುಗಳು ಏರು ಹತ್ತತೊಡಗಿದವು. ಜನ ಒಬ್ಬರಿಗೊಬ್ಬರು ಹೇಳಿಕೊಂಡರು: ನೋಡಿದೆಯಾ, ತಾಮುವೆರಾನ ಹತ್ರ ಹೋಗೋದು ಬಿಟ್ಟ ಮೇಲೆ ಒಂದೂ ನಿಲ್ಲೋದಿಲ್ಲ.

ಹಬ್ಬದ ಹಿಂದಿನ ದಿನ ಪಾಯೆರೆ ತಳ್ಳುಗಾಡಿಯಲ್ಲಿ ಜನರೇಟರ್ ಹಾಕಿಕೊಂಡು ಶೆಡ್ಡಿನ ಹಿಂಬಾಗಿಲಿಗೆ ಬಂದ.

"ಭಾವಾ, ಎಷ್ಟು ಎಳೆದ್ರೂ ಸ್ಟಾರ್ಟ್ ಆಗ್ತಿಲ್ಲ. ಚಪ್ಪರಕ್ಕೆ ಲೈಟು ಬೇಕು, ಹಾಡೋರ ಮೈಕು ಬೇಕು."

"ಕೈ ನಡುಗೋನ ಹತ್ರ ಯಾಕೆ ತಂದೆ?"

"ನಾನು ಹಾಗೆ ಅಂದಿಲ್ಲ."

"ಹೌದು. ನೀನು ಏನೂ ಅಂದಿಲ್ಲ."

ತಾಮುವೆರಾ ಕಾರ್ಬೊರೇಟರ್ ಬಿಚ್ಚಿದ. ನೀರು ನಿಂತು ಬಟ್ಟಲ ತಳದಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ಬಾಟಲಿ ಹೊರತೆಗೆದು ಅದರಲ್ಲಿದ್ದುದನ್ನು ಸುರಿದ. ಮೇಲೆ ಪೆಟ್ರೋಲು, ಕೆಳಗೆ ಎರಡು ಬೆರಳು ನೀರು. ಹಲಗೆಯ ಮೇಲೆ ಇಟ್ಟ. ನೈಲಾನ್ ದಾರವನ್ನು ಒದ್ದೆ ಮಾಡಿ ಜೆಟ್ಟಿನ ತೂತಿಗೆ ಹಿಡಿದ. ಅದು ಒಂದೇ ಸಲಕ್ಕೆ ಹೊಕ್ಕು ಆಚೆ ಬಂತು. ಪಾಯೆರೆ ಆ ಕೈಯನ್ನೇ ನೋಡುತ್ತಿದ್ದವನು ಮುಖ ಬೇರೆ ಕಡೆ ತಿರುಗಿಸಿದ. ಜೋಡಿಸಿ, ತಿರುಪು ಬಿಟ್ಟು, ಹಗ್ಗ ಎಳೆದಾಗ ಜನರೇಟರ್ ಎದ್ದಿತು. ಸದ್ದು ಸಮನಾಗುವವರೆಗೆ ತಾಮುವೆರಾ ಕಿವಿಗೊಟ್ಟು ಕೂತಿದ್ದ.

ಹೊರಡುವಾಗ ಪಾಯೆರೆ ಬಾಟಲಿಗೆ ಕೈ ಹಾಕಿದ. "ಇದನ್ನ ಚೆಲ್ಲಿ ಹೋಗ್ತೀನಿ."

"ಇಡು ಅಲ್ಲಿ."

"ನೀನು ಮಾತು ಕೊಟ್ಟಿದ್ದೆ ಭಾವಾ."

"ಹಬ್ಬದವರೆಗೆ ಅಂತ ಕೊಟ್ಟಿದ್ದೆ. ನಾಳೆ ಹಬ್ಬ."

ಪಾಯೆರೆ ಮೇಲಿನ ತಗಡುಗಳನ್ನೊಮ್ಮೆ ನೋಡಿ, ಗಾಡಿ ತಳ್ಳಿಕೊಂಡು ಹೋದ.

ಹಬ್ಬದಲ್ಲಿ ಜಡೆ ಕತ್ತರಿಸಲು ಗಂಡ ಹೆಂಡತಿಯರನ್ನು ಒಟ್ಟಿಗೆ ಕರೆಯುವುದು ರೂಢಿ. ಮೈಕಿನಲ್ಲಿ ಬರೀ "ತೆಪೋರಿ" ಎಂದು ಕರೆದರು. ಅವಳು ಕೂತೇ ಇದ್ದಳು. ಮತ್ತೆ ಕರೆದರು. ಮಗುವಿನ ತಪ್ಪೇನು ಎಂದು ತಾಮುವೆರಾನೇ ಅವಳ ಬೆನ್ನು ತಟ್ಟಿ ಎಬ್ಬಿಸಿದ. ಹಿಂದೆ ಜನರೇಟರ್ ತಪ್ಪದೆ, ಒಂದೇ ಸಮನೆ ಓಡುತ್ತಿತ್ತು.

ಹಬ್ಬ ಕಳೆದ ಮೇಲೆ ಅವನು ಬಾಟಲಿ ಹಿಡಿದು ಮಾರಾನ ಮನೆಗೆ ನಡೆದ. ಎಲ್ಲ ಹೇಳಿದ. ಬಾಯಿಬಿಟ್ಟು ಇಷ್ಟು ಉದ್ದ ಅವನು ಮಾತಾಡಿದ್ದು ಅದೊಂದೇ ಸಲ ಇರಬೇಕು. ಮಾರಾ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದ. ಮುತ್ತುಗಳು ಒಡೆದು ಮತ್ತೆ ಕೂಡಿಕೊಂಡವು.

"ಆವತ್ತು ಯಾಕೆ ಬಾಯಿ ಬಿಡ್ಲಿಲ್ಲ?"

"ಅವನು ಹೇಳ್ತಾನೆ ಅಂತ ಕಾದೆ."

ಮಾರಾ ಬಾಟಲಿಯನ್ನು ಕೆಳಗಿಳಿಸಿದ. ಆಮೇಲೆ ಹೇಳಿದ, "ನಿನ್ನ ನಂಬ್ತೀನಿ. ಆದ್ರೆ ನಂಬಿ ಏನು ಮಾಡ್ಲಿ? ಅವನ ಅಂಗಡಿ ಬಿಟ್ಟು ಪೆಟ್ರೋಲು ತರೋಕೆ ಕಡಲಿಗೆ ಹೋಗ್ಲಾ? ಮನೆಯವಳು ವಾಪಸ್ ಬಂದ್ಮೇಲೆ ವಾರ ವಾರ ಇಲ್ಲಿನ ಆಸ್ಪತ್ರೆಗೆ ಓಡಾಡ್ಬೇಕು. ನೀನು ಸುಮ್ಮನಿದ್ದೆಯಲ್ಲ, ಅದೂ ಸುಳ್ಳಲ್ಲ. ಈಗ ಎಲ್ಲ ತಣ್ಣಗಾಗಿದೆ. ಬಿಟ್ಬಿಡು."

"ನನ್ನ ಹೆಸರು?"

"ಹೆಸರು ಬರುತ್ತೆ ಬಿಡು. ಕೆಲಸ ಮಾಡ್ತಾ ಇರು, ತಾನಾಗೇ ಬರುತ್ತೆ" ಎಂದು ಮಾರಾ ಬಾಟಲಿಯನ್ನು ಹಿಂದಕ್ಕೆ ಕೊಟ್ಟ. ಕೊಡುವಾಗ ಮುಖ ನೋಡಲಿಲ್ಲ.

ಪಾಯೆರೆ ಮೋಸ ಮಾಡಿದ್ದನ್ನು ತಾಮುವೆರಾ ಒಂದು ತರಹ ನುಂಗಿಕೊಂಡ, ಮೈದುನ ಹೆದರಿದ ಎಂದುಕೊಂಡು. ಗೊತ್ತಾದ ಮೇಲೂ ಬಿಟ್ಟುಬಿಡು ಎಂದ ಗೆಳೆಯನನ್ನು ನುಂಗಿಕೊಳ್ಳಲು ಅವನಿಗೆ ಆಗಲಿಲ್ಲ. ಇದು ನನ್ನ ಊಹೆಯಲ್ಲ. ಆಮೇಲೆ ಅವನು ಪಾಯೆರೆಯ ಜೊತೆ ಎರಡು ಮಾತು ಆಡಿದ್ದುಂಟು, ಮಾರಾನ ಜೊತೆ ಆಡಿದ್ದನ್ನು ಯಾರೂ ಕಂಡಿಲ್ಲ.

ಬೈಕುಗಳು ಮರಳಿ ಬಂದವು. ಬೇರೆ ಯಾರಿದ್ದಾರೆ? ತಾಮುವೆರಾ ಮತ್ತೆ ಪ್ರತಿಯೊಂದು ಬಟ್ಟಲನ್ನೂ ಬಾಟಲಿಗೆ ಸುರಿದು ತೋರಿಸುತ್ತಾನೆ; ನೋಡದೆ ಮಾತಾಡುತ್ತ ನಿಂತವರನ್ನು ಭುಜ ಹಿಡಿದು ತಿರುಗಿಸಿ ನೋಡಿಸುತ್ತಾನೆ. ತುಮುನುವಿಗೆ ಅವನು ಹೋಗುವುದಿಲ್ಲ. ಮನೆಯಲ್ಲಂತೂ ಮೊದಲೂ ಕುಡಿದವನಲ್ಲ. ಆ ಸಂಜೆಯ ನಂತರ ಅವನ ತುಟಿಗೆ ಕರಟ ತಾಗಿಲ್ಲ. ಆದರೂ ಸಂಜೆಯಾದರೆ ಅವನ ಕೈ ನಡುಗುತ್ತದೆ ಎಂಬ ಮಾತು ಊರಿನಲ್ಲಿ ಉಳಿದೇ ಇದೆ.

ಮೊನ್ನೆ ಕ್ಲಚ್ ತಂತಿಗಾಗಿ ಅವನ ಶೆಡ್ಡಿಗೆ ಹೋಗಿದ್ದೆ. ಬಿಸಿಲು ಇನ್ನೂ ಬಂದಿರಲಿಲ್ಲ. ನರ್ಸ್ ಮೆತುವಾ ಬೈಕು ತಳ್ಳಿಕೊಂಡು ಬಂದಳು. ಒಳ್ಳೆಯ ಹೆಂಗಸು, ಯಾರ ಮನಸ್ಸನ್ನೂ ನೋಯಿಸುವವಳಲ್ಲ.

"ಪಾಪಾ, ನಿನ್ನೆ ಸಂಜೆನೇ ಮಿಸ್ ಹೊಡೀತಿತ್ತು. ಆದ್ರೂ ಬೆಳಿಗ್ಗೆ ಹೊತ್ತೇ ತರೋಣ ಅಂತ ತಂದೆ" ಎಂದಳು. "ಬೆಳಿಗ್ಗೆ ಆದ್ರೆ ನಿಂಗೂ ಸುಲಭ."

ತಾಮುವೆರಾ ಸ್ಪ್ಯಾನರ್ ತೆಗೆದುಕೊಂಡು ಕೂತ. ಬಟ್ಟಲು ಬಿಚ್ಚಿ ಬಾಟಲಿಗೆ ಸುರಿದು ಅವಳ ಮುಂದೆ ಇಟ್ಟ. ತುಸು ಕೆಂಪು ಕೆಸರು, ಅಷ್ಟೇ.

"ಒಳ್ಳೇದು ಮಾಡಿದೆ ಮಗಳೇ" ಎಂದ.